45 ಪೌಂಡಿನ ಬಿಲ್ಲನ್ನು ಬನ್ನಿ ಮರಕ್ಕೇರಿಸುವ ಕಾಲ ಬಂತೇ?

ಹೆದೆಸಡಿಲ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಬಿಲ್ಲುಗಾರರ ಈ ಚರ್ಚಾಕಟ್ಟೆಯಲ್ಲಿ ನೀವು ಬರೆದದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಬಾಯಿ ತೆರೆಯುತ್ತಿರುವುದು ಇದೇ ಮೊದಲು. ವಯಸ್ಸು 63. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಬಿಲ್ಲು ಹಿಡಿದು 22 ವರ್ಷವಾಯಿತು. ಗುರಿ ನೋಡುವ ಸಾಧನವಾಗಲಿ, ಗಾಲಿಯಾಗಲಿ ಇಲ್ಲದ ಬರೀ ಬಿಲ್ಲು ನನ್ನದು. ಮೂರು ತುಂಡಾಗಿ ಬಿಚ್ಚಿಡಬಹುದಾದ ರಿಕರ್ವ್, ಎಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. 28 ಇಂಚಿನವರೆಗೆ ಎಳೆದರೆ ಕೈಗೆ ಬೀಳುವ ಭಾರ 45 ಪೌಂಡ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕಿಲೋಗೆ ತುಸು ಮೇಲೆ. ಕಲಘಟಗಿ ರಸ್ತೆಯಲ್ಲಿ ಅಣ್ಣನ ಮಾವಿನ ತೋಟವಿದೆ. ಅಲ್ಲಿ ಜೋಳದ ಕಣಿಕೆಯನ್ನು ಒತ್ತೊತ್ತಾಗಿ ಬಿಗಿದು ನಿಲ್ಲಿಸಿ, ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ ಹಾಕಿಸಿದ್ದೇನೆ. ಭಾನುವಾರ ಬೆಳಿಗ್ಗೆ ಅರವತ್ತು ಬಾಣ. ಅದೇ ನನ್ನ ಪೂಜೆ, ಅದೇ ನನ್ನ ಪ್ರಸಾದ.

ಹೋದ ದಸರೆಗೆ ಖಂಡೇಪೂಜೆಯಲ್ಲಿ ಬಿಲ್ಲನ್ನೂ ಇಟ್ಟು, ಕುಂಕುಮ ಹಚ್ಚಿ, ಮರುದಿನ ಎಲ್ಲರಿಗೂ ಬನ್ನಿ ಕೊಟ್ಟು ಬಂದೆ. ಅದರ ಮುಂದಿನ ಭಾನುವಾರ ಹತ್ತನೆಯದೋ ಹನ್ನೊಂದನೆಯದೋ ಬಾಣ ಎಳೆಯುವಾಗ ಬಲಭುಜದೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಆಮೇಲಿನಿಂದ ಒಂದು ವಿಚಿತ್ರ: ಕೈಯನ್ನು ಪಕ್ಕದಿಂದ ಮೇಲೆತ್ತಿದರೆ ಅರ್ಧ ದಾರಿಯಲ್ಲಿ ಚುಚ್ಚುತ್ತದೆ, ಪೂರ್ತಿ ಮೇಲೆ ಹೋದ ಮೇಲೆ ನೋವೇ ಇಲ್ಲ. ರಾತ್ರಿ ಬಲಮಗ್ಗುಲಾಗಿ ಮಲಗಲು ಆಗುವುದಿಲ್ಲ.

ಮಗ ಫೋನಿನಲ್ಲಿ "ಸಾಕು ಬಿಡಪ್ಪಾ" ಎನ್ನುತ್ತಾನೆ. ಮನೆಯವಳು ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ಬಾಗಿಲ ಹಿಂದೆ ಇರುತ್ತಿದ್ದ ಬಿಲ್ಲಿನ ಚೀಲ ಈಗ ಅಲ್ಮೇರಾದ ತಲೆಯ ಮೇಲೆ ಹೋಗಿದೆ. ಅಂದರೆ ಅದನ್ನು ಇಳಿಸಲು ನಾನು ಕೈಯೆತ್ತಬೇಕು. ಅವಳ ಉಪಾಯಕ್ಕೆ ಶರಣೆನ್ನಬೇಕು.

ಪ್ರಶ್ನೆ ಇಷ್ಟೇ. 30 ಪೌಂಡಿಗೆ ಇಳಿಯಲೇ, ಪೂರ್ತಿ ಬಿಡಲೇ? 30 ಎಂದರೆ ಅದು ಹೈಸ್ಕೂಲು ಹುಡುಗರ ಬಿಲ್ಲಲ್ಲವೇ? ನಾಚಿಕೆ ಎನ್ನುವುದೂ ಒಂದಿದೆ ನೋಡಿ.

ಬ್ಯಾಡಗಿ ಖಾರ

ಅಣ್ಣಾವರೇ, ಅರ್ಜುನನಾದರೂ ಗಾಂಡೀವವನ್ನು ಬನ್ನಿ ಮರಕ್ಕೇರಿಸಿದ್ದು ಅಜ್ಞಾತವಾಸದ ಒಂದೇ ವರ್ಷ. ನೀವು ಪೂರ್ತಿ ಬಿಡುವ ಮಾತು ಯಾಕೆ ಆಡುತ್ತೀರಿ?

ನನಗೆ 58. ನಾನು ಮಾಡಿದ್ದನ್ನೇ ಮಾಡಿ, ತುದಿಗಳಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲು ತೆಗೆದುಕೊಳ್ಳಿ. ಗಾಲಿ ತಿರುಗಿದ ಮೇಲೆ ಭಾರ ಇಳಿದುಬಿಡುತ್ತದೆ. ನನ್ನದು 50 ಪೌಂಡ್, ಎಳೆದು ನಿಂತಾಗ ಕೈಯಲ್ಲಿ ಉಳಿಯುವುದು ಹತ್ತೋ ಹನ್ನೆರಡೋ. ಟಿವಿ ನೋಡುತ್ತ ನಿಲ್ಲಬಹುದು. "ಸಾಂಪ್ರದಾಯಿಕ ಬಿಲ್ಲು" ಎಂದು ಮೂಗೆತ್ತುವವರೆಲ್ಲ ಊರಿಂದೂರಿಗೆ ಚಕ್ಕಡಿಯಲ್ಲೇ ಓಡಾಡುತ್ತಾರೇನು? ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹತ್ತುವುದಿಲ್ಲವೇ?

ಮೂಳೆಮಾತು, ಹುಬ್ಬಳ್ಳಿ

ನಾನು ಫಿಸಿಯೋಥೆರಪಿಸ್ಟ್. ಬಿಲ್ಲು ಹಿಡಿದವಳಲ್ಲ, ಹಿಡಿದವರ ಭುಜ ಹಿಡಿದವಳು. ಕೈಯಿಂದ ಮುಟ್ಟಿ ನೋಡದೆ ಇಂಥದೇ ತೊಂದರೆ ಎಂದು ಹೇಳುವುದಿಲ್ಲ. ಆದರೆ ಕಾಕಾ, ನೀವು ವಿಚಿತ್ರ ಎಂದಿರಲ್ಲ, ಅದು ವಿಚಿತ್ರವಲ್ಲ. ನಮ್ಮಲ್ಲಿಗೆ ಬರುವವರಲ್ಲಿ ದಿನಕ್ಕಿಬ್ಬರು ಅದೇ ಮಾತು ಹೇಳುತ್ತಾರೆ. ಭುಜದ ಗುಂಡಿಯನ್ನು ಕುಳಿಯಲ್ಲಿ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳು. ಅವುಗಳಲ್ಲಿ ಮೇಲಿನದರ ನರಹುರಿ, ಎಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಒಂದು ಎಲುಬಿನ ಸೂರಿನ ಕೆಳಗೆ ಹಾದುಹೋಗುತ್ತದೆ. ಕೈ ಸುಮಾರು 60ರಿಂದ 120 ಡಿಗ್ರಿ ನಡುವೆ ಇರುವಾಗ ಆ ಸಂದು ತೀರ ಇಕ್ಕಟ್ಟು. ನರಹುರಿ ಊದಿಕೊಂಡಿದ್ದರೆ ಅಷ್ಟು ದೂರ ಮಾತ್ರ ಚುಚ್ಚುತ್ತದೆ, ದಾಟಿದರೆ ಸುಮ್ಮನಾಗುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿರುವುದೂ ಅದರ ಜೊತೆಗಾರ. ಆದರೂ ಒಮ್ಮೆ ಮೂಳೆ ತಜ್ಞರಿಗೆ ತೋರಿಸಿ, ಹರಿದಿದೆಯೋ ಊದಿದೆಯೋ ಗೊತ್ತಾಗಲಿ.

ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಸಕ್ಕರೆ ಇರುವವರಲ್ಲಿ ಭುಜ ಪೂರ್ತಿ ಹೆಪ್ಪುಗಟ್ಟಿದಂತೆ ಬಿಗಿದುಕೊಳ್ಳುವುದು ಹೆಚ್ಚು, ಅದರ ದಾರಿಯೇ ಬೇರೆ. ಇನ್ನೊಂದು ಮಾತನ್ನು ಇಲ್ಲಿರುವ ಹಿರಿಯರೆಲ್ಲ ಓದಿ: ಭುಜದ ನೋವಿನ ಜೊತೆ ಬೆವರು, ಏದುಸಿರು, ಎದೆಯಲ್ಲಿ ಭಾರ ಕಂಡರೆ ಅದು ಬಿಲ್ಲಿನ ನೋವಲ್ಲ. ಎಣ್ಣೆ ತಿಕ್ಕುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಈಗ ಲೆಕ್ಕ. ಇಪ್ಪತ್ತು ಕಿಲೋ, ಅರವತ್ತು ಬಾಣ. ಹನ್ನೆರಡು ಕ್ವಿಂಟಲ್! ವಾರವಿಡೀ ಕುರ್ಚಿಯಲ್ಲಿ ಕುಳಿತು, ಭಾನುವಾರ ಒಂದೇ ಬೆಳಿಗ್ಗೆ, ಮೈ ಕಾಯಿಸಿಕೊಳ್ಳದೆ, ಒಂದೇ ಭುಜದಿಂದ. ಬ್ಯಾಡಗಿ ಮಾರುಕಟ್ಟೆಯ ಹಮಾಲರು ಕೂಡ ಹೀಗೆ ಎತ್ತುವುದಿಲ್ಲ, ಬೇಕಾದರೆ ಖಾರದ ಅಣ್ಣನನ್ನೇ ಕೇಳಿ. 63ನೇ ವಯಸ್ಸಿನ ನರಹುರಿ 40ರದ್ದಕ್ಕಿಂತ ದುರ್ಬಲವಿರಬಹುದು, ಆದರೆ ನಿಜವಾದ ವ್ಯತ್ಯಾಸ ಅದಲ್ಲ. ಅದು ಚೇತರಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ. ವಾರಕ್ಕೊಮ್ಮೆ ಅರವತ್ತರ ಬದಲು ಒಂದು ದಿನ ಬಿಟ್ಟು ಒಂದು ದಿನ ಇಪ್ಪತ್ತು ಬಿಡುವವನ ಭುಜ ಹೆಚ್ಚು ಕಾಲ ಬಾಳುತ್ತದೆ.

ಬ್ಯಾಡಗಿ ಖಾರ

ಹಮಾಲರ ಮಾತು ಸರಿ. ಚೀಲ ಬೆನ್ನಿಗೆ ಹಾಕಿಕೊಳ್ಳುವ ಮೊದಲು ಅವರು ಎರಡು ಸಲ ಮೈ ಮುರಿಯುತ್ತಾರೆ, ನಾನೇ ನೋಡಿದ್ದೇನೆ. ಕಾಂಪೌಂಡಿನ ಬಗ್ಗೆ ಮಾತ್ರ ನೀವು ಏನೂ ಹೇಳಲಿಲ್ಲ.

ಮೂಳೆಮಾತು, ಹುಬ್ಬಳ್ಳಿ

ಹೇಳುತ್ತೇನೆ ಅಣ್ಣ. ಎಳೆದು ನಿಂತಾಗ ಹನ್ನೆರಡು ಪೌಂಡ್, ಒಪ್ಪಿದೆ. ಆದರೆ ಆ ಘಟ್ಟ ತಲುಪುವ ಮೊದಲು ನಡುದಾರಿಯಲ್ಲಿ ನೀವು 50 ಪೌಂಡ್ ದಾಟಲೇಬೇಕು. ಊದಿಕೊಂಡ ಭುಜ ಕೂಗುವುದು ಆ ನಡುದಾರಿಯಲ್ಲೇ. ಆ ನಡುದಾರಿಯ ಭಾರವನ್ನೂ ಇಳಿಸಿಕೊಂಡರೆ ನನ್ನದೇನೂ ತಕರಾರಿಲ್ಲ.

ಉಣಕಲ್ ಗರಿ

ನಮಸ್ಕಾರ ಕಾಕಾ. ನನಗೆ 24. ಶಾಲೆಯಲ್ಲಿದ್ದಾಗ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಿನಿಂದ ಆರಂಭಿಸಿ ಈಗ ರಿಕರ್ವ್ ಹಿಡಿದಿದ್ದೇನೆ. ನೀವು ಹೈಸ್ಕೂಲು ಹುಡುಗರ ಬಿಲ್ಲು ಎಂದದ್ದಕ್ಕೆ ಸ್ವಲ್ಪ ಸಿಟ್ಟು ಬಂತು. ನಾನು ಎಳೆಯುವುದು 34. ಕಳೆದ ವರ್ಷ 38ಕ್ಕೆ ಹೋಗಿ, ಗುರಿಯಲ್ಲಿ ಬಾಣಗಳ ಗುಂಪು ಚದುರಿ, ನಾಚಿಕೆ ಇಲ್ಲದೆ 34ಕ್ಕೆ ವಾಪಸು ಬಂದವಳು.

ನಿಮ್ಮ ಬಿಲ್ಲು ಬಿಚ್ಚಿ ಜೋಡಿಸುವಂಥದ್ದು ಎಂದಿರಿ. ಹಾಗಾದರೆ ಹೊಸ ಬಿಲ್ಲು ಯಾಕೆ? ನಡುವಿನ ಹಿಡಿ ಅದೇ ಇರಲಿ, ಅದಕ್ಕೆ ಹೊಂದುವ 28 ಅಥವಾ 30 ಪೌಂಡಿನ ಲಿಂಬ್ ಜೋಡಿ, ಎಂದರೆ ಬಿಲ್ಲಿನ ಎರಡು ತೋಳು, ಮಾತ್ರ ತರಿಸಿ. ಕೈಗೆ ಅದೇ ಹಿಡಿ, ಅದೇ ಬೆವರಿನ ಕಲೆ. ಲಿಂಬ್ ಒಂದು ಅಳತೆ ಉದ್ದದ್ದಿದ್ದರೆ ಇನ್ನೂ ಒಳ್ಳೆಯದು, ಎಳೆದಾಗ ಬೆರಳಿನ ಮೇಲೆ ಹೆದೆಯ ಕೋನ ಅಷ್ಟು ಚೂಪಾಗುವುದಿಲ್ಲ, ಕೊನೆಯ ಎರಡು ಇಂಚು ಗೋಡೆಯಂತೆ ನಿಲ್ಲುವುದಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ ನೋಡಿ. ಬಾಣಕ್ಕೆ ಹಿಡಿಯ ಮುಂದುಗಡೆ ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿ, ನಿಧಾನಕ್ಕೆ ಎಳೆದು, ಬಾಣ ಬಿಡದೆ ಹಾಗೆಯೇ ಮೆಲ್ಲಗೆ ಇಳಿಸಿ. ಹಿಡಿಗೆ ತಾಗಿ ಬ್ಯಾಂಡ್ ಸರಿದು ನಿಂತಿರುತ್ತದೆ. ಅಲ್ಲಿಂದ ಹೆದೆ ಕೂರುವ ಕಚ್ಚಿನವರೆಗೆ ಅಳೆಯಿರಿ. ನಿಮ್ಮ 28 ಇಂಚು ಈಗಲೂ 28 ಇದೆಯೇ ನೋಡಿ.

ಹಾನಗಲ್ಲ ಹೊಲ

ಚರ್ಚೆ ಚೆನ್ನಾಗಿದೆ. ನನ್ನದೊಂದು ಅಡ್ಡಪ್ರಶ್ನೆ. ನಮ್ಮ ಮೆಕ್ಕೆಜೋಳಕ್ಕೆ ಹಂದಿಯ ಕಾಟ. ತೆನೆ ಹಾಲು ತುಂಬುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಮಲಗಿಸಿ ಹೋಗುತ್ತವೆ. ನಮ್ಮ ಮುತ್ತಜ್ಜ ಬಿದಿರಿನ ಬಿಲ್ಲಿನಲ್ಲಿ ಹಂದಿ ಹೊಡೆಯುತ್ತಿದ್ದನಂತೆ, ಎಪ್ಪತ್ತು ದಾಟಿದ ಮೇಲೂ. ನೀವೆಲ್ಲ 30 ಪೌಂಡ್, 40 ಪೌಂಡ್ ಎನ್ನುತ್ತಿದ್ದೀರಿ. ಹಂದಿಗೆ ಎಷ್ಟು ಬೇಕು? ಬಂದೂಕಿಗೆ ಲೈಸೆನ್ಸ್ ಕೇಳುತ್ತಾರೆ, ಬಿಲ್ಲಿಗೆ ಯಾರು ಕೇಳುತ್ತಾರೆ?

ಹಳೇ ಬೀಟು, ಗದಗ

ನಾನು ಕೇಳುತ್ತೇನೆ ತಮ್ಮಾ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಕಾಲು ಸವೆಸಿದವನು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಆಯುಧ" ಎಂಬ ಪದಕ್ಕೆ ಅರ್ಥ ಬರೆದಿದ್ದಾರೆ. ಬಂದೂಕು, ಬಲೆ, ಉರುಲು, ವಿಷ ಇವುಗಳ ಸಾಲಿನಲ್ಲೇ ಬಿಲ್ಲು ಬಾಣವೂ ಇದೆ. ಕಾಡುಹಂದಿ ಆ ಕಾಯ್ದೆಯ ಪಟ್ಟಿಯಲ್ಲಿದೆ. ಅಪ್ಪಣೆಯಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2022ರ ತಿದ್ದುಪಡಿಗೆ ಮೊದಲು ದಂಡ 25,000ವರೆಗೆ ಇತ್ತು. ಹೊಡೆಯಲು ಯತ್ನಿಸಿದರೂ ಅದು ಬೇಟೆಯೇ, ಬಾಣ ತಪ್ಪಿತು ಎಂಬ ಸಬೂಬು ನಡೆಯುವುದಿಲ್ಲ. ಇನ್ನು ಚಿಗರಿಗೆ, ಬಸ್ಸಿಗಲ್ಲ, ನಾಲ್ಕು ಕಾಲಿನ ಕೃಷ್ಣಮೃಗಕ್ಕೆ ಕೈಹಚ್ಚಿದರೆ ಅದು ಮೊದಲ ಪಟ್ಟಿಯ ಪ್ರಾಣಿ. ಮೂರು ವರ್ಷಕ್ಕೆ ಕಡಿಮೆ ಇಲ್ಲದಂತೆ ಏಳು ವರ್ಷದವರೆಗೆ ಸೆರೆ.

ಇಲ್ಲಿರುವ ಬಿಲ್ಲುಗಾರರಿಗೂ ಒಂದು ಎಚ್ಚರಿಕೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು. ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. "ಬರೀ ಮರದ ಬೊಡ್ಡೆಗೆ ಹೊಡೆಯಲು ಬಂದಿದ್ದೇವೆ ಸಾರ್" ಎಂದು ಚೀಲ ಬಿಚ್ಚಿ ತೋರಿಸಿದವರನ್ನು ನಾನೇ ವಾಪಸು ಕಳಿಸಿದ್ದುಂಟು. ಅವತ್ತು ನನ್ನ ಮನಸ್ಸು ಸರಿಯಿತ್ತು, ಅದಕ್ಕೆ ಕಳಿಸಿದೆ.

ನಿನ್ನ ಬೆಳೆಹಾನಿಯ ಸಂಕಟ ನನಗೂ ಗೊತ್ತು. ಹಾನಿಯಾದ ಕೂಡಲೇ ಫೋಟೋ ತೆಗೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡು. ಬರುವ ಪರಿಹಾರ ನಿನ್ನ ಸಿಟ್ಟನ್ನು ತಣಿಸುವಷ್ಟು ಇರಲಿಕ್ಕಿಲ್ಲ, ಆದರೂ ಕೊಡು.

ಹಾನಗಲ್ಲ ಹೊಲ

ಹೊಡೆಯುತ್ತೇನೆ ಎಂದು ಹೇಳಲಿಲ್ಲ ಸರ್, ಕೇಳಿದೆ ಅಷ್ಟೇ. ಅರ್ಜಿ ಎರಡು ಸಲ ಕೊಟ್ಟಿದ್ದೇನೆ. ಮೂರನೆಯದನ್ನೂ ಕೊಡುತ್ತೇನೆ.

ಊರ ನೆನಪು

ಹುಟ್ಟಿದ್ದು ಸವಣೂರು, ಈಗ ಇರುವುದು ಅಮೆರಿಕದಲ್ಲಿ, ಹದಿನೆಂಟು ವರ್ಷವಾಯಿತು. ಇಲ್ಲಿ ಬಿಲ್ಲಿನ ಬೇಟೆಗೆ ಕಾಲ ಗೊತ್ತುಮಾಡಿ ಪರವಾನಗಿ ಕೊಡುತ್ತಾರೆ. ನಾನು ಬೇಟೆಯಾಡುವುದಿಲ್ಲ, ಆದರೆ ನನ್ನ ಬಿಲ್ಲಿನ ಗೆಳೆಯರಲ್ಲಿ ಆಡುವವರು ಬಹಳ. ಅವರಲ್ಲಿ ಒಬ್ಬ ಮುದುಕ 70 ದಾಟಿದವನು. ಅವನ ಸಂಕಟ ಕೇಳಿದರೆ ಧಾರವಾಡದ ಅಣ್ಣನ ಸಂಕಟ ಹಗುರವೆನಿಸುತ್ತದೆ. ಇಲ್ಲಿನ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲು ಕನಿಷ್ಠ 35 ಅಥವಾ 40 ಪೌಂಡಿನದಿರಬೇಕು ಎಂಬ ಕಟ್ಟಳೆಯಿದೆ. ಬಾಣ ಪ್ರಾಣಿಯನ್ನು ಅರೆಜೀವ ಮಾಡಿ ಓಡಿಸಬಾರದು, ಅದಕ್ಕೆ. ಹಾಗಾಗಿ ಅವನ ಭುಜ 40ರಿಂದ 38ಕ್ಕೆ ಇಳಿದ ವರ್ಷ ಅವನ ಬೇಟೆಯೇ ನಿಂತಿತು. ಕೆಲವರು ಕುದುರೆ ಒತ್ತಿ ಬಾಣ ಬಿಡುವ ಅಡ್ಡಬಿಲ್ಲಿಗೆ ಹೋಗುತ್ತಾರೆ. ಇವನು "ಅದು ಕಟ್ಟಿಗೆಯ ಬಂದೂಕು" ಎಂದು ಮುಟ್ಟಲಿಲ್ಲ.

ಅಣ್ಣಾವರೇ, ನಿಮಗೆ ಅಂಥ ತಳಗೆರೆ ಎಲ್ಲಿದೆ? ಕಣಿಕೆಯ ಕಟ್ಟಿಗೆ 20 ಪೌಂಡಿನ ಬಾಣವೂ ಸಾಕಾಗುತ್ತದೆ. ನಮ್ಮ ನಾಡಿನಲ್ಲಿ ಬೇಟೆಯಿಲ್ಲ ಎಂಬುದು ಮುದಿ ಬಿಲ್ಲುಗಾರನಿಗೆ ಒಂದು ಲೆಕ್ಕದಲ್ಲಿ ವರವೇ. ಇಪ್ಪತ್ತೈದಕ್ಕೆ ಇಳಿದರೂ ಕೇಳುವವರಿಲ್ಲ.

ಬ್ಯಾಡಗಿ ಖಾರ

ಇಷ್ಟೆಲ್ಲ ಯಾಕೆ? 1904ರ ಒಲಿಂಪಿಕ್ಸ್‌ನಲ್ಲಿ ಗೇಲನ್ ಸ್ಪೆನ್ಸರ್ ಎಂಬಾತ 64ನೇ ವಯಸ್ಸಿನಲ್ಲಿ ಬಿಲ್ಲುಗಾರಿಕೆಯ ತಂಡದಲ್ಲಿ ಚಿನ್ನ ಗೆದ್ದ. 1908ರಲ್ಲಿ ಲಂಡನ್ನಿನಲ್ಲಿ ಕ್ವೀನಿ ನ್ಯೂಯಲ್ ಎಂಬಾಕೆ 53ನೇ ವಯಸ್ಸಿನಲ್ಲಿ. ನಮ್ಮ ಅಣ್ಣನಿಗೆ ಇನ್ನೂ ಒಂದು ವರ್ಷ ಬಾಕಿಯಿದೆ.

ಉಣಕಲ್ ಗರಿ

ಮಾಮಾ, 1904ರಲ್ಲಿ ಬಿಲ್ಲಿನ ಸ್ಪರ್ಧೆಗೆ ಬಂದವರೆಲ್ಲ ಅಮೆರಿಕದವರೇ. ಅದನ್ನೂ ಹೇಳಬೇಕಲ್ಲ! ನ್ಯೂಯಲ್ ಗೆದ್ದ ಮಹಿಳೆಯರ ಸ್ಪರ್ಧೆಯಲ್ಲೂ ಎಲ್ಲರೂ ಬ್ರಿಟನ್ನಿನವರೇ. ವಯಸ್ಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: 50 ದಾಟಿದವರಿಗೆ ಬಿಲ್ಲುಗಾರಿಕೆಯಲ್ಲಿ ಪ್ರತ್ಯೇಕ ಮಾಸ್ಟರ್ಸ್ ವಿಭಾಗವಿದೆ. ರಿಕರ್ವಿನಲ್ಲಿ ನಾವು 70 ಮೀಟರ್ ಹೊಡೆದರೆ ಅವರಿಗೆ 60. ಅಂದರೆ ಆಟ ನಡೆಸುವವರೇ ಭುಜಕ್ಕೆ ವಯಸ್ಸಾಗುತ್ತದೆ ಎಂದು ಒಪ್ಪಿ ಗುರಿಯನ್ನು ಹತ್ತು ಮೀಟರ್ ಹತ್ತಿರ ತಂದಿದ್ದಾರೆ. ಕಾಕಾ ಒಬ್ಬರೇ ಒಪ್ಪುತ್ತಿಲ್ಲ.

ಮೇದಾರ ಓಣಿ

ಬಿದಿರಿನ ಮಾತು ಬಂದದ್ದಕ್ಕೆ ನನ್ನದೂ ಎರಡು ಮಾತು. ನಮ್ಮದು ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮನೆತನ. ಬಿಲ್ಲು ಮಾಡುವುದು ನಮ್ಮ ಕಸುಬಲ್ಲ, ಆದರೆ ಕೇಳಿದವರಿಗೆ ಸೀಳಿ ಕೊಟ್ಟಿದ್ದೇನೆ. ಮೂರು ವರ್ಷ ದಾಟಿ ಬಲಿತ, ಒಳಗೆ ಪೊಳ್ಳು ಕಡಿಮೆ ಇರುವ ಗಟ್ಟಿ ಬಿದಿರೇ ಬೇಕು. ಎಳೆಯದು ಎರಡು ವಾರದಲ್ಲಿ ಬಾಗಿದಂತೆಯೇ ಉಳಿದುಬಿಡುತ್ತದೆ. ನೆರಳಲ್ಲಿ ಒಣಗಿಸಬೇಕು. ಬಿದಿರಿನ ಹೊರಸಿಪ್ಪೆ ಬಿಲ್ಲುಗಾರನಿಗೆ ಬೆನ್ನು ಮಾಡಿರಬೇಕು, ಗುರಿಯ ಕಡೆ. ಹಿಗ್ಗುವ ಬಲವೆಲ್ಲ ಆ ಸಿಪ್ಪೆಯಲ್ಲೇ ಇರುವುದು. ಅದನ್ನು ಕೆತ್ತಿದರೆ ಬಿಲ್ಲು ಮುರಿಯಿತೆಂದೇ ಲೆಕ್ಕ. ಕೆತ್ತುವುದೇನಿದ್ದರೂ ಹೊಟ್ಟೆಯ ಕಡೆಗೆ.

ಇದನ್ನು ಯಾಕೆ ಹೇಳಿದೆನೆಂದರೆ, ಬಿದಿರಿನ ಬಿಲ್ಲನ್ನು ಎಳೆಯುವ ಭಾರ ಕೆತ್ತುವವನ ಕೈಯಲ್ಲಿದೆ. ನಮ್ಮ ತಂದೆಗೆ ಒಬ್ಬ ಗಿರಾಕಿ ಇದ್ದ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಬಿಲ್ಲು ಹಿಡಿದು ಬಂದು "ಇನ್ನೊಂದು ಪದರ ತೆಗೆ" ಎನ್ನುತ್ತಿದ್ದ. ತಂದೆ ಗಾಜಿನ ಚೂರಿನಿಂದ ಹೊಟ್ಟೆಯನ್ನು ಹೆರೆದು, ಎರಡೂ ತೋಳು ಸಮ ಬಾಗುತ್ತವೆಯೇ ಎಂದು ಬಾಗಿಲ ಚೌಕಟ್ಟಿಗೆ ಹಿಡಿದು ನೋಡಿ ಕೊಡುತ್ತಿದ್ದರು. ಆತ ತೀರಿಕೊಂಡಾಗ ಆ ಬಿಲ್ಲು ಬೆತ್ತದಷ್ಟು ತೆಳ್ಳಗಾಗಿತ್ತು.

ಹೆದೆಸಡಿಲ, ಧಾರವಾಡ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಬಿದಿರಿನ ಗಿರಾಕಿಯ ಸಂಗತಿ ಓದಿ ಸ್ವಲ್ಪ ಹೊತ್ತು ಮೊಬೈಲು ಕೆಳಗಿಟ್ಟೆ.

ಮೂಳೆಮಾತು ತಂಗೀ, ತೋರಿಸಿಕೊಂಡು ಬಂದೆ. ನರಹುರಿ ಹರಿದಿಲ್ಲ, ಊದಿದೆ. ಸಕ್ಕರೆ ಗಡಿಯಲ್ಲಿದೆ. ಆರು ವಾರ ಬಿಲ್ಲು ಮುಟ್ಟಕೂಡದು ಎಂದರು. ಮನೆಯವಳ ಮುಖ ನೋಡಬೇಕಿತ್ತು.

ಉಣಕಲ್ ತಂಗೀ, ವೈದ್ಯರ ಬಳಿ ಹೋಗುವ ಮೊದಲೇ, ಅಲ್ಮೇರಾದ ಮೇಲಿನಿಂದ ಎಡಗೈಯಲ್ಲಿ ಇಳಿಸಿ, ಒಂದೇ ಒಂದು ಸಲ ಎಳೆದು ನೀನು ಹೇಳಿದ ರಬ್ಬರ್ ಬ್ಯಾಂಡಿನ ಪರೀಕ್ಷೆ ಮಾಡಿದೆ. ಇಪ್ಪತ್ತಾರೂವರೆ! ಎರಡು ಸಲ ಟೇಪು ಹಿಡಿದೆ. ಲಗೇಜು ತೂಗುವ ಕೊಕ್ಕೆಯ ತಕ್ಕಡಿಗೆ ಹೆದೆ ಸಿಕ್ಕಿಸಿ ಅಷ್ಟಕ್ಕೆ ಎಷ್ಟು ಭಾರ ಎಂದು ಮನೆಯವಳಿಂದ ನೋಡಿಸಿದರೆ, ಹತ್ತೊಂಬತ್ತು ಕಿಲೋ ಕೂಡ ತೋರಿಸಲಿಲ್ಲ. 45 ಪೌಂಡು ಎಂದು ನಾನು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದದ್ದು ಯಾವ ವರ್ಷದಿಂದ ಸುಳ್ಳಾಗಿತ್ತೋ ಗೊತ್ತಿಲ್ಲ. ಮೈ ನನ್ನನ್ನು ಕೇಳದೆಯೇ ಒಂದೂವರೆ ಇಂಚು ಇಳಿಸಿಬಿಟ್ಟಿತ್ತು. ವರ್ಕ್‌ಶಾಪಿನಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆ ಹುಡುಗರನ್ನು ಬೈದವನು ನಾನು.

30 ಪೌಂಡಿನ ಉದ್ದ ಲಿಂಬ್ ತರಿಸಲು ಹೇಳಿದ್ದೇನೆ.

ಲಕ್ಕುಂಡಿ ಕಲ್ಲು

ತಡವಾಗಿ ಬಂದೆ. ಇತಿಹಾಸದ ಮೇಷ್ಟ್ರು ನಾನು, ರಜೆಯಲ್ಲಿ ವೀರಗಲ್ಲು ನೋಡುತ್ತ ತಿರುಗುವುದು ಚಟ. ಹಾವೇರಿ ಜಿಲ್ಲೆಯಲ್ಲಿ ಊರ ಮುಂದೆ, ಗುಡಿಯ ಪಕ್ಕ, ಕೆಲವು ಕಡೆ ದನ ಕಟ್ಟುವ ಜಾಗದಲ್ಲೂ ನಿಂತಿವೆ. ತುರುಗಳನ್ನು ಹೊಡೆದೊಯ್ಯುವವರನ್ನು ತಡೆದು ಸತ್ತವನು ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲೆಳೆದು ನಿಂತಿರುತ್ತಾನೆ, ಮೇಲಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ತುದಿಯಲ್ಲಿ ಲಿಂಗದ ಮುಂದೆ ಕುಳಿತಿರುತ್ತಾನೆ. ನಾನು ನೋಡಿದ ಅಷ್ಟೂ ಕಲ್ಲುಗಳಲ್ಲಿ ಮುದುಕ ಬಿಲ್ಲುಗಾರ ಒಬ್ಬನೂ ಕಣ್ಣಿಗೆ ಬಿದ್ದಿಲ್ಲ. ಬದುಕಿ ಉಳಿದವರಿಗೆ ಕಲ್ಲು ನಿಲ್ಲಿಸುತ್ತಿರಲಿಲ್ಲವಲ್ಲ.

ನನ್ನ ಪ್ರಶ್ನೆ ಬೇರೆ. ನನಗೆ 51. ಭುಜ ನೆಟ್ಟಗಿದೆ, ಕಣ್ಣಿನದೇ ತೊಂದರೆ. ಕನ್ನಡಕ ಬಂದ ಮೇಲೆ ಗುರಿ ಅಲುಗಾಡಿದಂತೆ ಕಾಣುತ್ತದೆ. ಯಾರಿಗಾದರೂ ಹೀಗಾಗಿದೆಯೇ?

ಬ್ಯಾಡಗಿ ಖಾರ

ಮೇಷ್ಟ್ರೇ, ಹತ್ತಿರದ್ದೂ ದೂರದ್ದೂ ಒಂದೇ ಗಾಜಿನಲ್ಲಿರುವ ಪ್ರೋಗ್ರೆಸಿವ್ ಕನ್ನಡಕವೇ? ಹಾಗಿದ್ದರೆ ಅದೇ ಕಾರಣ. ಬಿಲ್ಲು ಹಿಡಿದಾಗ ಎದೆ ಒಂದು ಕಡೆ, ಮುಖ ಇನ್ನೊಂದು ಕಡೆ. ಕುತ್ತಿಗೆ ಎಷ್ಟು ಹೊರಳಿಸಿದರೂ ಕಣ್ಣು ನೋಡುವುದು ಮೂಗಿನ ಪಕ್ಕದ ಗಾಜಿನ ಅಂಚಿನಿಂದ. ಆ ಕನ್ನಡಕದಲ್ಲಿ ಅಂಚೆಲ್ಲ ಸೊಟ್ಟ. ಒಂದು ವರ್ಷ ನಾನು ಬಿಲ್ಲನ್ನೇ ಬೈದುಕೊಂಡಿದ್ದೆ. ದೂರ ನೋಡಲು ಮಾತ್ರ ಬೇರೆ ಒಂದು ಜೋಡಿ ಮಾಡಿಸಿ, ಗಾಜು ದೊಡ್ಡದಿರಲಿ. ಅಂದ ಹಾಗೆ, ಹತ್ತಿರದ್ದು ಮಸುಕಾಗುವುದು ನಲವತ್ತು ದಾಟಿದ ಎಲ್ಲರಿಗೂ. ಗುರಿ ಇರುವುದು ದೂರದಲ್ಲಿ ತಾನೇ, ಅದು ನಮ್ಮ ಪುಣ್ಯ. ದೂರದ್ದೇ ಮಂಜಾಗಿದ್ದರೆ ಪೊರೆ ಬಂದಿದೆಯೇ ಎಂದು ತೋರಿಸಿ.

ಲಕ್ಕುಂಡಿ ಕಲ್ಲು

ಅದೇ ಕನ್ನಡಕ! ಅದನ್ನು ಕೊಟ್ಟ ಅಂಗಡಿಯವರಿಗೆ ಬಿಲ್ಲಿನ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರೋ ಏನೋ.

ಮೂಳೆಮಾತು, ಹುಬ್ಬಳ್ಳಿ

ಕಾಕಾ, ಈ ಆರು ವಾರ ಖಾಲಿ ಕೂರುವುದಲ್ಲ. ವೈದ್ಯರು ಒಪ್ಪಿದ ಮೇಲೆ ಇವನ್ನು ಮಾಡಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಮಡಚಿದ ಟವೆಲ್ ಇಟ್ಟು, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಮುಂಗೈಯಿಂದ ಹೊರಕ್ಕೆ ಎಳೆಯುವುದು. ಹತ್ತು ಸಲ, ಮೂರು ಸುತ್ತು. ಟವೆಲ್ ಬಿದ್ದರೆ ನೀವು ಕಳ್ಳತನ ಮಾಡಿದಿರಿ ಎಂದರ್ಥ. ಆಮೇಲೆ ಎರಡೂ ಹೆಗಲ ಹಲಗೆಗಳನ್ನು ಹಿಂದಕ್ಕೆ, ಕೆಳಕ್ಕೆ ಸೇರಿಸಿ ಐದು ಎಣಿಸುವುದು. ನಾಳೆ ನೀವು ಬಿಲ್ಲೆಳೆಯಬೇಕಾದದ್ದೂ ಅದೇ ಹಲಗೆಗಳಿಂದ, ಭುಜದ ತುದಿಯಿಂದಲೋ ತೋಳಿನಿಂದಲೋ ಅಲ್ಲ. ಎಳೆಯುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ. ಹಳೆಯ ಗರಡಿಯವರು ಯಾರಾದರೂ ಗದೆ ತಿರುಗಿಸಿ ಎಂದು ಸಲಹೆ ಕೊಟ್ಟರೆ ಕೈಮುಗಿದು ಬಂದುಬಿಡಿ, ಈಗ ಬೇಡ.

ಹೆದೆಸಡಿಲ, ಧಾರವಾಡ (ಒಂಬತ್ತು ವಾರದ ನಂತರ)

ಮತ್ತೆ ಬಂದೆ. ಮೊದಲು ಸೋಲಿನ ವರದಿ.

ಹೊಸ ಲಿಂಬ್ ಹಾಕಿ ತೋಟಕ್ಕೆ ಹೋದೆ. ಎಂದಿನ ಮೂವತ್ತು ಹೆಜ್ಜೆಯಿಂದ ಮೊದಲ ಬಾಣ. ಎಳೆದದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಬಾಣ ಕಣಿಕೆಯ ಎಡಕ್ಕೆ, ದಿಬ್ಬದಲ್ಲಿ. ಎರಡನೆಯದು ಅದರ ಪಕ್ಕದಲ್ಲೇ. ಆರಕ್ಕೆ ಆರೂ ಎಡಕ್ಕೆ, ಕೆಳಗೆ. ಅಣ್ಣನ ತೋಟದ ಆಳು ನೀರು ಬಿಡುವುದನ್ನು ನಿಲ್ಲಿಸಿ ನೋಡುತ್ತಿದ್ದ. ಕೈ ಕೆಟ್ಟಿತು ಎಂದುಕೊಂಡೆ. ಚೀಲ ಕಟ್ಟಿ ಹೊರಟೇಬಿಟ್ಟಿದ್ದೆ.

ಆಮೇಲೆ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದಾಗ ಹೊಳೆಯಿತು. ಆರೂ ಬಾಣ ಒಂದು ಗೇಣಿನೊಳಗೆ ಇದ್ದವಲ್ಲ! ಕೈ ಕೆಟ್ಟವನ ಬಾಣ ಹಾಗೆ ಒಟ್ಟುಗೂಡುವುದಿಲ್ಲ. ತಪ್ಪು ಬಾಣದ್ದು. ನನ್ನವೆಲ್ಲ 500ರ ಸ್ಪೈನಿನವು, 45 ಪೌಂಡಿಗೆಂದು ತೆಗೆದುಕೊಂಡವು. ಸ್ಪೈನ್ ಎಂದರೆ ಬಾಣ ಎಷ್ಟು ಬಳುಕುತ್ತದೆ ಎಂಬುದರ ಅಳತೆ. ಹಗುರ ಬಿಲ್ಲಿಗೆ ಅವು ತೀರ ಬಿರುಸು. ಬಿಲ್ಲಿನ ಪಕ್ಕದಲ್ಲಿ ಬಳುಕಿ ದಾಟಬೇಕಾದದ್ದು ಬಳುಕದೆ, ಬಲಗೈಯವನಾದ ನನಗೆ ಎಡಕ್ಕೆ ಸಿಡಿಯುತ್ತಿವೆ. ಈ ಸ್ಪೈನಿನ ಅಂಕಿ ದೊಡ್ಡದಾದಷ್ಟು ಬಾಣ ಮೆದು ಎಂಬುದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. 700ರ ಆರು ಬಾಣ ತರಿಸಿ, ಕತ್ತರಿಸದೆ ಪೂರ್ತಿ ಉದ್ದ ಇಟ್ಟುಕೊಂಡೆ. ಗುರಿಯನ್ನು ಇಪ್ಪತ್ತು ಹೆಜ್ಜೆಗೆ ತಂದೆ. ಆಳು ಕಣಿಕೆ ಹೊತ್ತು ತರುವಾಗ ಮುಸಿಮುಸಿ ನಗುತ್ತಿದ್ದ, ನಗಲಿ.

ಈಗ ದಿನ ಬಿಟ್ಟು ದಿನ ಹದಿನೆಂಟು ಬಾಣ, ಅದೂ ಹತ್ತು ನಿಮಿಷ ಮೈ ಕಾಯಿಸಿಕೊಂಡ ಮೇಲೆ. ಲೆಕ್ಕ ಹಾಕಿದೆ ತಂಗೀ, ಎರಡೂವರೆ ಕ್ವಿಂಟಲ್ ಆಗುವುದಿಲ್ಲ. ಮೊನ್ನೆ ಒಂದು ಬಾಣ ಬಿಟ್ಟಾಗ ಹೆದೆಯ ಸದ್ದೇ ಬೇರೆ ಇತ್ತು, ಮೆತ್ತಗೆ, ಹತ್ತಿಯ ಬಟ್ಟೆ ಹರಿದಂತೆ. ಕೈ ಕೆನ್ನೆಯಿಂದ ಹಿಂದಕ್ಕೆ ಹೋಗಿ ಕಿವಿಯ ಕೆಳಗೆ ನಿಂತಿತ್ತು. ನಾನು ನಿಲ್ಲಿಸಿದ್ದಲ್ಲ, ತಾನೇ ನಿಂತದ್ದು. 45ರಲ್ಲಿ ಅದು ಯಾವತ್ತೂ ಅಲ್ಲಿಗೆ ಬಂದಿರಲಿಲ್ಲ. ನಾನು ಭಾರದ ಜೊತೆ ಗುದ್ದಾಡುತ್ತಿದ್ದೆ, ಬಾಣ ಬಿಡುವುದು ಎಂದರೆ ಆ ಗುದ್ದಾಟದಿಂದ ಬಿಡುಗಡೆ ಎಂದಷ್ಟೇ ಆಗಿತ್ತು. ರಬ್ಬರ್ ಬ್ಯಾಂಡ್ ಸುತ್ತಿ ನೋಡಿದೆ. ಇಪ್ಪತ್ತೇಳೂ ಮುಕ್ಕಾಲು.

ರಾತ್ರಿ ಬಲಮಗ್ಗುಲಾಗಿ ಇನ್ನೂ ಮಲಗಲು ಆಗುತ್ತಿಲ್ಲ. ಅದನ್ನೂ ಹೇಳಿಬಿಡಬೇಕು.

ಬ್ಯಾಡಗಿ ಖಾರ

ಇಪ್ಪತ್ತು ಹೆಜ್ಜೆಗೆ ನಾನೂ ಒಂದು ದಿನ ಬರುತ್ತೇನೆ, ನನ್ನ ಗಾಲಿ ಬಿಲ್ಲು ತೆಗೆದುಕೊಂಡು. ಯಾರ ಗುಂಪು ಸಣ್ಣದು ನೋಡಿಯೇ ಬಿಡೋಣ. ಸೋತವರು ಮಿರ್ಚಿ ಭಜಿ ಕೊಡಿಸಬೇಕು.

ಮೂಳೆಮಾತು, ಹುಬ್ಬಳ್ಳಿ

ಮಗ್ಗುಲು ನೋವಿಗೆ ಇನ್ನೂ ಸಮಯ ಹಿಡಿಯುತ್ತದೆ ಕಾಕಾ. ಎಡಕ್ಕೆ ಮಲಗಿ, ಬಲಗೈ ಕೆಳಗೆ ದಿಂಬು ಇಟ್ಟುಕೊಳ್ಳಿ. ತಿಂಗಳಲ್ಲಿ ಕಡಿಮೆಯಾಗದಿದ್ದರೆ ಮತ್ತೆ ತೋರಿಸಿ. ಭಜಿ ತಿನ್ನುವಾಗ ಸಕ್ಕರೆ ಗಡಿಯಲ್ಲಿದೆ ಎಂಬುದು ನೆನಪಿರಲಿ.

ಉಣಕಲ್ ಗರಿ

ಕಾಕಾ, ಆ 45ರ ಲಿಂಬ್ ಏನು ಮಾಡಿದಿರಿ? ಮಾರುವುದಿದ್ದರೆ ನನ್ನನ್ನು ಕೇಳದೆ ಮಾರಬೇಡಿ. ಈಗಲ್ಲ, 38 ಸರಿಯಾಗಿ ಕೈಗೆ ಬಂದ ಮೇಲೆ ನನಗೆ ಬೇಕಾಗುತ್ತದೆ.

ಹೆದೆಸಡಿಲ, ಧಾರವಾಡ

ಮಾರುವುದೇನು ಬಂತು ತಂಗೀ, ಹಾಗೆಯೇ ಒಯ್ಯಿ. ಒಂದೇ ಮಾತು, ಹಳೆಯ ಲಿಂಬ್ ಅವು, ಡೇಕ್ರಾನ್ ಹೆದೆಯನ್ನೇ ಕಟ್ಟು, ಹಿಗ್ಗದ ಹೊಸ ನೂಲು ಹಾಕಿದರೆ ತುದಿ ಸೀಳುತ್ತದೆ. ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡ, ಪದರ ಬಿಡುತ್ತವೆ. ಭಾನುವಾರ ಬೆಳಿಗ್ಗೆ ಚಿಗರಿ ಬಸ್ಸಿಗೆ ಬಂದು ಜುಬಿಲಿ ಸರ್ಕಲ್‌ನಲ್ಲಿ ಇಳಿದು ಫೋನ್ ಮಾಡು, ನಾನೇ ಕರೆದುಕೊಂಡು ಹೋಗುತ್ತೇನೆ. ಲಿಂಬ್ ಅಲ್ಮೇರಾದ ಮೇಲಿವೆ. ನೀನೇ ಇಳಿಸಿಕೊಳ್ಳಬೇಕು.